ಕಲಾವಿದನ ಕಾಯಕ ಮತ್ತು ಆಪತ್ಕಾಲದ ದಾಸೋಹ

ಹೊಳೆಯುಕ್ಕಿ ಊರುಗಳು ಕೊಚ್ಚಿಹೋದಾಗ, ಭೂಮಿ ನಡುಗಿ ಮನೆಗಳು ಕುಸಿದಾಗ, ಮಳೆಯಿಲ್ಲದೆ ಹೊಲಗಳು ಬಿರಿದು ದನಕರುಗಳು ಮೇವಿಲ್ಲದೆ ನಿಂತಾಗ, ಲೋಕದ ದೃಷ್ಟಿ ಸಹಜವಾಗಿಯೇ ಉಳ್ಳವರ ಕಡೆಗೆ ಹೊರಳುತ್ತದೆ. ಧನಿಕನು ಎಷ್ಟು ಕೊಟ್ಟನು, ವರ್ತಕನು ಏನು ಕೊಟ್ಟನು, ಅಧಿಕಾರದಲ್ಲಿರುವವನು ಏನು ಮಾಡಿದನು ಎಂದು ಜನರು ವಿಚಾರಿಸತೊಡಗುತ್ತಾರೆ. ಈ ವಿಚಾರಣೆ ಈಗ ಕಲಾವಿದರ ವರೆಗೂ, ಅವರಲ್ಲಿಯೂ ವಿಶೇಷವಾಗಿ ಹೆಸರಾಂತ ಸಂಗೀತಗಾರರ ವರೆಗೂ ಬಂದು ಮುಟ್ಟಿದೆ. ಒಂದು ಸಂಜೆಯ ಕಚೇರಿಗೆ ಸಹಸ್ರಾರು ಜನರನ್ನು ಸೆಳೆಯಬಲ್ಲ ಗಾಯಕನು ಆ ಸಂಜೆಯ ಹುಟ್ಟುವಳಿಯನ್ನು ಸಂತ್ರಸ್ತರಿಗೆ ಕೊಡತಕ್ಕದ್ದೋ ಅಲ್ಲವೋ? ಕೊಡದಿದ್ದರೆ ಅವನು ದೋಷಿಯೋ? ಕೊಟ್ಟರೆ ಅದು ದಾನವೋ, ಋಣಸಂದಾಯವೋ, ಅಥವಾ ಕೀರ್ತಿಯ ವ್ಯಾಪಾರವೋ?

ಪ್ರಶ್ನೆ ಮೇಲುನೋಟಕ್ಕೆ ಸುಲಭವಾಗಿ ತೋರುತ್ತದೆ. ಕೊಡುವುದು ಒಳ್ಳೆಯದು, ಆದಕಾರಣ ಕೊಡಬೇಕು ಎಂದು ಒಂದೇ ಮಾತಿನಲ್ಲಿ ತೀರ್ಪು ಹೇಳಿ ಮುಗಿಸಬಹುದು. ಆದರೆ ಒಳ್ಳೆಯದೆಲ್ಲವೂ ಎಲ್ಲರಿಗೂ ವಿಧಿಯಲ್ಲ. ವಿಧಿಯಲ್ಲದುದೆಲ್ಲವೂ ಸ್ವೇಚ್ಛೆಗೆ ಬಿಟ್ಟುದೂ ಅಲ್ಲ. ಇವೆರಡರ ನಡುವಿನ ಎಡೆಯಲ್ಲಿಯೇ ಧರ್ಮಸೂಕ್ಷ್ಮವಿದೆ. ಆ ಸೂಕ್ಷ್ಮವನ್ನು ಅರಿಯಲು ಕಾಯಕ-ದಾಸೋಹಗಳೆಂಬ ಶರಣರ ಎರಡು ಮಹಾತತ್ತ್ವಗಳಿಗಿಂತ ಉತ್ತಮವಾದ ಒರೆಗಲ್ಲು ಬೇರೊಂದಿಲ್ಲ.

ಕಿನ್ನರಿಯ ಕಾಯಕ

ಹನ್ನೆರಡನೆಯ ಶತಮಾನದ ಶರಣಸಂಕುಲದಲ್ಲಿ ಬಟ್ಟೆ ಮಡಿಮಾಡುವವರಿದ್ದರು, ದೋಣಿ ನಡೆಸುವವರಿದ್ದರು, ಹಗ್ಗ ಹೊಸೆಯುವವರಿದ್ದರು, ಕಟ್ಟಿಗೆ ಮಾರುವವರಿದ್ದರು. ಅವರ ನಡುವೆ ವಾದ್ಯ ನುಡಿಸುವವರೂ ಒಬ್ಬರಿದ್ದರೆಂಬುದನ್ನು ಈ ಪ್ರಸಂಗದಲ್ಲಿ ನೆನೆಯುವುದು ಅವಶ್ಯ. ಅವರೇ ಕಿನ್ನರಿ ಬೊಮ್ಮಯ್ಯನವರು. ಆಂಧ್ರದೇಶದಿಂದ ಕಲ್ಯಾಣಕ್ಕೆ ಬಂದ ಇವರು ಅಕ್ಕಸಾಲೆಯ ವೃತ್ತಿಯನ್ನು ಬಿಟ್ಟು ಕಿನ್ನರಿಯನ್ನು ಹಿಡಿದರು. ತ್ರಿಪುರಾಂತಕನ ಸನ್ನಿಧಿಯಲ್ಲಿ ನಿತ್ಯವೂ ಅದನ್ನು ನುಡಿಸಿ, ಅದರಿಂದ ದೊರೆತ ಹೊನ್ನಿನಿಂದ ಜಂಗಮದಾಸೋಹವನ್ನು ನಡೆಸುತ್ತಿದ್ದರು ಎಂದು ಶರಣಚರಿತೆಗಳು ಹೇಳುತ್ತವೆ. ಮಹಾಕವಿ ಹರಿಹರನು ಇವರ ಚರಿತ್ರೆಗಾಗಿಯೇ ಒಂದು ರಗಳೆಯನ್ನು ಮೀಸಲಿರಿಸಿದ್ದಾನೆ.

ಈ ಚಿಕ್ಕ ವೃತ್ತಾಂತದಲ್ಲಿ ಮೂರು ಸಂಗತಿಗಳು ಅಡಗಿವೆ. ಮೊದಲನೆಯದು, ವಾದ್ಯವನ್ನು ನುಡಿಸುವುದು ಕಾಯಕವೆಂಬುದು. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರ ಕೈಗೆ ಯಾವ ಗೌರವವೋ ಕಿನ್ನರಿಯ ತಂತಿಯನ್ನು ಮೀಟುವ ಕೈಗೂ ಅದೇ ಗೌರವ. ಅದಕ್ಕಿಂತ ಹೆಚ್ಚೂ ಅಲ್ಲ, ಕಡಮೆಯೂ ಅಲ್ಲ. ಎರಡನೆಯದು, ಕಾಯಕಕ್ಕೆ ಪ್ರತಿಫಲವನ್ನು ಪಡೆಯುವುದು ದೋಷವಲ್ಲವೆಂಬುದು. ಸಂಗೀತವು ದೈವದತ್ತವಾದುದು, ಅದಕ್ಕೆ ಹಣ ಪಡೆಯುವುದು ಅಪಚಾರ ಎಂದು ಬೊಮ್ಮಯ್ಯನವರು ಬಗೆಯಲಿಲ್ಲ. ಮೂರನೆಯದು, ಆ ಪ್ರತಿಫಲವು ಪಡೆದವನಲ್ಲಿಯೇ ನಿಂತು ಕೊಳೆಯಬಾರದೆಂಬುದು. ಬಾವಿಯ ನೀರು ಸೇದಿದಷ್ಟೂ ತಿಳಿಯಾಗುತ್ತದೆ, ಸೇದದಿದ್ದರೆ ಪಾಚಿಗಟ್ಟುತ್ತದೆ. ಕಾಯಕದ ಫಲವೂ ಹಾಗೆಯೇ.

ಇಲ್ಲಿ ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ತಿಳಿಯಬೇಕು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸನು, ಪಡೆಯುವವನು ಶಿವಸ್ವರೂಪಿ. ದಾನಿಯು ತನ್ನದನ್ನು ಕೊಟ್ಟೆನೆಂದು ಭಾವಿಸುತ್ತಾನೆ; ದಾಸೋಹಿಯು ಒಡೆಯನ ವಸ್ತುವನ್ನು ಒಡೆಯನಿಗೇ ಮುಟ್ಟಿಸಿದೆನೆಂದು ಭಾವಿಸುತ್ತಾನೆ. ಹೊರಗಿನ ಕ್ರಿಯೆ ಒಂದೇ ಆಗಿದ್ದರೂ ಒಳಗಿನ ಭಾವವು ಅದನ್ನು ಬೇರೆ ಬೇರೆ ಮಾಡುತ್ತದೆ. ಪ್ರಸ್ತುತ ಪ್ರಶ್ನೆಯಲ್ಲಿಯೂ ಸಂಗೀತಗಾರನು ಕೊಟ್ಟನೋ ಇಲ್ಲವೋ ಎಂಬುದರಷ್ಟೇ, ಯಾವ ಭಾವದಿಂದ ಕೊಟ್ಟನು ಎಂಬುದೂ ಮುಖ್ಯವಾಗುತ್ತದೆ.

ನ್ಯೂಯಾರ್ಕಿನ ನಿದರ್ಶನ

ತತ್ತ್ವವನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ನಡೆದ ಸಂಗತಿಯೊಂದನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. ಅಂಥ ಸಂಗತಿಗಳಲ್ಲಿ 1971ರ ಆಗಸ್ಟ್ 1ರಂದು ಅಮೆರಿಕದ ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಸಭಾಂಗಣದಲ್ಲಿ ನಡೆದ ಸಂಗೀತ ಕಚೇರಿ ಅಗ್ರಗಣ್ಯವಾದುದು.

1970ರ ನವೆಂಬರಿನಲ್ಲಿ ಭೀಕರವಾದ ಚಂಡಮಾರುತವೊಂದು ಅಂದಿನ ಪೂರ್ವ ಪಾಕಿಸ್ತಾನದ ಕರಾವಳಿಗೆ ಅಪ್ಪಳಿಸಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಆ ಗಾಯ ಮಾಯುವ ಮೊದಲೇ 1971ರ ಮಾರ್ಚ್ 25ರ ರಾತ್ರಿ ಸೈನ್ಯದ ದಮನಕಾರ್ಯ ಆರಂಭವಾಯಿತು. ಪ್ರಕೃತಿಯ ಕೋಪಕ್ಕೆ ಮನುಷ್ಯನ ಕ್ರೌರ್ಯವು ಜೊತೆಗೂಡಿತು. ಕೆಲವೇ ತಿಂಗಳುಗಳಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿಯನ್ನು ದಾಟಿ ಪಶ್ಚಿಮ ಬಂಗಾಳ, ತ್ರಿಪುರ, ಅಸ್ಸಾಮ, ಮೇಘಾಲಯಗಳಿಗೆ ಬಂದರು. ಶಿಬಿರಗಳಲ್ಲಿ ಮಳೆ, ಕೆಸರು, ಕಾಲರಾ, ಹಸಿವು.

ಸಿತಾರವಾದಕ ಪಂಡಿತ ರವಿಶಂಕರರು ಆಗ ಅಮೆರಿಕದಲ್ಲಿದ್ದರು. ಅವರ ಪೂರ್ವಿಕರ ನೆಲವೂ, ಅವರ ಗುರುಗಳಾದ ಅಲ್ಲಾವುದ್ದೀನ್ ಖಾನರ ಜನ್ಮಭೂಮಿಯೂ ಪೂರ್ವ ಬಂಗಾಳವೇ. ವಿದ್ಯೆಯನ್ನು ಕೊಟ್ಟ ಗುರುವಿನ ನೆಲ ಉರಿಯುತ್ತಿರುವಾಗ ಶಿಷ್ಯನು ಸುಮ್ಮನಿರುವುದು ಹೇಗೆ? ಅವರು ತಮ್ಮಲ್ಲಿ ಸಿತಾರ ಕಲಿತ ಜಾರ್ಜ್ ಹ್ಯಾರಿಸನ್ನರಲ್ಲಿ ತಮ್ಮ ಅಳಲನ್ನು ತೋಡಿಕೊಂಡರು. ಹ್ಯಾರಿಸನ್ನರು ಜಗದ್ವಿಖ್ಯಾತವಾದ ಬೀಟಲ್ಸ್ ಗಾಯಕರ ಬಳಗಕ್ಕೆ ಸೇರಿದ್ದವರು. ರವಿಶಂಕರರು ಮೊದಲು ಮನಸ್ಸಿನಲ್ಲಿಟ್ಟುಕೊಂಡಿದ್ದುದು ಇಪ್ಪತ್ತೈದು ಸಾವಿರ ಡಾಲರುಗಳಷ್ಟು ಹಣ ಕೂಡಿದರೆ ಸಾಕೆಂದು. ಹ್ಯಾರಿಸನ್ನರು ಕೆಲವೇ ವಾರಗಳಲ್ಲಿ ತಮ್ಮ ಮಿತ್ರರನ್ನೆಲ್ಲ ಕರೆದು, ಒಂದೇ ದಿನ ಮಧ್ಯಾಹ್ನ ಒಂದು, ರಾತ್ರಿ ಒಂದು ಎಂದು ಎರಡು ಕಚೇರಿಗಳನ್ನು ಏರ್ಪಡಿಸಿದರು. ಬಾಬ್ ಡಿಲನ್, ಎರಿಕ್ ಕ್ಲಾಪ್ಟನ್, ರಿಂಗೋ ಸ್ಟಾರ್ ಮೊದಲಾದವರು ಸಂಭಾವನೆಯಿಲ್ಲದೆ ಬಂದು ಹಾಡಿದರು, ನುಡಿಸಿದರು. ಕಾರ್ಯಕ್ರಮದ ಆರಂಭದಲ್ಲಿ ರವಿಶಂಕರರ ಸಿತಾರ, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾರಖಾ ಅವರ ತಬಲಾ, ಕಮಲಾ ಚಕ್ರವರ್ತಿಯವರ ತಂಬೂರಿ. ಸಿತಾರ-ಸರೋದುಗಳ ಶ್ರುತಿ ಕೂಡಿಸುತ್ತಿದ್ದಾಗಲೇ ಅದನ್ನು ಸಂಗೀತವೆಂದು ತಿಳಿದ ಜನರು ಚಪ್ಪಾಳೆ ತಟ್ಟಿದರಂತೆ. ಶ್ರುತಿಮಾಡುವುದನ್ನೇ ಇಷ್ಟು ಮೆಚ್ಚಿದವರು ವಾದನವನ್ನು ಇನ್ನೂ ಮೆಚ್ಚುವರೆಂದು ರವಿಶಂಕರರು ನಗುತ್ತ ನುಡಿದರು. ಎರಡೂ ಕಚೇರಿಗಳಿಗೆ ಸೇರಿ ಸುಮಾರು 40,000 ಜನರು ಬಂದರು. ಪ್ರವೇಶಧನವಾಗಿ ಕೂಡಿದ 2,43,000 ಡಾಲರುಗಳಿಗೂ ಮೇಲ್ಪಟ್ಟ ಹಣವು ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ ಸಂದಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದೊಂದು ಸುಂದರವಾದ ಪುಣ್ಯಕಥೆಯಾಗಿರುತ್ತಿತ್ತು. ಆದರೆ ಅದರ ಉತ್ತರಾರ್ಧದಲ್ಲಿಯೂ ಪಾಠವಿದೆ. ಕಚೇರಿಯ ಧ್ವನಿಮುದ್ರಿಕೆಯೂ ಚಲನಚಿತ್ರವೂ ಹೊರಬಂದು ಅಪಾರವಾದ ಹಣ ಕೂಡಿತು. ಆದರೆ ಇದು ಧರ್ಮಾರ್ಥವಾದ ಕಾರ್ಯವೆಂಬುದನ್ನು ಮೊದಲೇ ಕಾನೂನುಬದ್ಧವಾಗಿ ದಾಖಲು ಮಾಡಿರಲಿಲ್ಲವಾದ್ದರಿಂದ ಅಮೆರಿಕದ ತೆರಿಗೆಯ ಇಲಾಖೆ ಪ್ರಶ್ನೆಗಳನ್ನೆತ್ತಿತು. ಬಹುಭಾಗ ಹಣವು ವರ್ಷಗಟ್ಟಲೆ ತಡೆಯಲ್ಪಟ್ಟಿತು. ಅಷ್ಟರಲ್ಲಿ 1971ರ ಡಿಸೆಂಬರ್ 16ರಂದು ಯುದ್ಧ ಮುಗಿದು ಬಾಂಗ್ಲಾದೇಶ ಸ್ವತಂತ್ರವಾಗಿತ್ತು, ನಿರಾಶ್ರಿತರು ಹಿಂತಿರುಗಿದ್ದರು, ಹಸಿದು ಸತ್ತ ಕೂಸುಗಳು ಸತ್ತೇಹೋಗಿದ್ದವು. 1985ರ ವೇಳೆಗೆ ಈ ಮೂಲದಿಂದ ಒಟ್ಟು 1 ಕೋಟಿ 20 ಲಕ್ಷ ಡಾಲರುಗಳಷ್ಟು ಹಣ ಸಂದಿತೆಂದು ಲೆಕ್ಕವಿದೆ. ಹಣ ಮುಟ್ಟಿತು, ನಿಜ, ಹಸಿವು ಕಾದಿರಲಿಲ್ಲ.

ಆಕ್ಷೇಪಗಳ ವಿಚಾರ

ಈ ನಿದರ್ಶನವನ್ನು ಮುಂದಿಟ್ಟುಕೊಂಡು, ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಗಳನ್ನು ಒಂದೊಂದಾಗಿ ತೂಗಿ ನೋಡಬಹುದು.

ಮೊದಲನೆಯ ಆಕ್ಷೇಪವು ನ್ಯಾಯದ ಹೆಸರಿನಲ್ಲಿ ಬರುತ್ತದೆ. ಸಂಗೀತಗಾರನೇ ಏಕೆ ಕೊಡಬೇಕು? ಜವಳಿಯ ವರ್ತಕನಿಗೆ ಒಂದು ದಿನದ ವ್ಯಾಪಾರವನ್ನು ಕೊಡೆಂದು ಯಾರೂ ಹೇಳುವುದಿಲ್ಲ. ವಕೀಲನಿಗೆ ಒಂದು ಮೊಕದ್ದಮೆಯ ಫೀಯನ್ನು ಕೊಡೆಂದು ಯಾರೂ ಹೇಳುವುದಿಲ್ಲ. ಹಾಡುವವನ ಕೊರಳು ಮಾತ್ರ ಊರಿನ ಸೊತ್ತೋ? ಈ ಮಾತಿನಲ್ಲಿ ಸತ್ಯಾಂಶವಿದೆ. ಕಾಯಕಗಳೆಲ್ಲವೂ ಸಮಾನವೆಂದ ಮೇಲೆ ದಾಸೋಹದ ಹೊಣೆಯೂ ಸಮಾನವೇ ಆಗತಕ್ಕದ್ದು. ವರ್ತಕನೂ ವಕೀಲನೂ ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಹೆಸರಾಂತ ಕಲಾವಿದನ ಸಂಪಾದನೆಯಲ್ಲಿ ಎರಡು ಅಂಶಗಳು ಸೇರಿರುತ್ತವೆಂಬುದನ್ನು ಈ ಆಕ್ಷೇಪವು ಮರೆಯುತ್ತದೆ. ಒಂದು, ಅವನ ಸಾಧನೆಯ ಮತ್ತು ಅಂದಿನ ಶ್ರಮದ ಬೆಲೆ. ಇನ್ನೊಂದು, ಅವನ ಹೆಸರಿನ ಬೆಲೆ. ಇಬ್ಬರು ಗಾಯಕರು ಒಂದೇ ರಾಗವನ್ನು ಒಂದೇ ಸಾಮರ್ಥ್ಯದಿಂದ ಹಾಡಿದರೂ, ಹೆಸರಿಲ್ಲದವನಿಗೆ ದೊರೆಯುವುದು ಒಂದು ಪಾಲಾದರೆ ಹೆಸರುಳ್ಳವನಿಗೆ ನೂರು ಪಾಲು ದೊರೆಯುತ್ತದೆ. ಆ ತೊಂಬತ್ತೊಂಬತ್ತು ಪಾಲನ್ನು ದುಡಿದವರು ಯಾರು? ಕೇಳಿದವರು, ಮೆಚ್ಚಿದವರು, ನಾಲ್ಕು ಜನಕ್ಕೆ ಹೇಳಿದವರು, ಅಂದರೆ ಸಮಾಜವೇ. ಕೊರಳು ಕಲಾವಿದನದು, ಸಾಧನೆ ಅವನದು. ಕೀರ್ತಿ ಮಾತ್ರ ಜನರು ಅವನಲ್ಲಿ ಇಟ್ಟ ಠೇವಣಿ. ಇಟ್ಟವರು ಆಪತ್ತಿನಲ್ಲಿ ಬಿದ್ದಾಗ ಠೇವಣಿಯ ಒಂದಂಶವನ್ನು ಹಿಂದಿರುಗಿಸುವುದು ಔದಾರ್ಯವೆಂಬುದಕ್ಕಿಂತ ಪ್ರಾಮಾಣಿಕತೆಯೆಂಬುದೇ ಹೆಚ್ಚು ಸಮಂಜಸ.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರ ಚರಿತೆ ಇಲ್ಲಿ ದಾರಿ ತೋರುತ್ತದೆ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ಕೊಳ್ಳಲಿಲ್ಲ; ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದರು. ಆ ಅಕ್ಕಿಯನ್ನು ಮಾರಯ್ಯನವರು ಕದ್ದಿರಲಿಲ್ಲ, ಮೋಸದಿಂದ ಪಡೆದಿರಲಿಲ್ಲ. ಆದರೂ ಅದು ಕಾಯಕದ ಅಳತೆಯನ್ನು ಮೀರಿದುದು, ಆದ್ದರಿಂದ ತಮ್ಮದಲ್ಲ. ಹೆಸರಿನಿಂದ ಬಂದ ಹೆಚ್ಚಳವೂ ಈ ಹೆಚ್ಚಿನ ಅಕ್ಕಿಯಂತೆಯೇ. ಅದರಲ್ಲಿ ಅನ್ಯಾಯವಿಲ್ಲ, ಆದರೆ ಅದನ್ನೆಲ್ಲ ಒಳಗೆ ಕೊಳ್ಳುವುದರಲ್ಲಿ ಅಪಾಯವಿದೆ.

ಎರಡನೆಯ ಆಕ್ಷೇಪವು ಹೊಟ್ಟೆಯ ಪ್ರಶ್ನೆಯಿಂದ ಹುಟ್ಟುತ್ತದೆ. ಸಂಗೀತಗಾರನ ಬದುಕು ನಿಶ್ಚಿತವಾದುದಲ್ಲ. ಕೊರಳು ಕೆಟ್ಟರೆ, ಕೈ ನಡುಗಿದರೆ, ಜನರ ರುಚಿ ಬದಲಾದರೆ ಅವನ ಕಾಯಕವೇ ನಿಲ್ಲುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ಕಚೇರಿಯೆಂಬುದು ಒಬ್ಬನಿಂದ ಆಗುವುದಲ್ಲ. ತಬಲಾದವನು, ಹಾರ್ಮೋನಿಯಂದವನು, ಹಿಂದೆ ಕುಳಿತು ತಂಬೂರಿ ಮೀಟುವವನು, ಚಪ್ಪರ ಹಾಕುವವನು, ದೀಪ-ಧ್ವನಿವರ್ಧಕಗಳನ್ನು ನೋಡಿಕೊಳ್ಳುವವನು ಇವರೆಲ್ಲರ ದುಡಿಮೆ ಸೇರಿಯೇ ಕಚೇರಿ. ಮುಖ್ಯ ಗಾಯಕನು ಸಂಪೂರ್ಣ ಹುಟ್ಟುವಳಿಯನ್ನು ಪರಿಹಾರಕ್ಕೆ ಕೊಟ್ಟೆನೆಂದು ಸಾರಿದಾಗ, ಈ ಕೆಳಗಿನವರ ಕೂಲಿಯೂ ಅದರಲ್ಲಿ ಸೇರಿಹೋಗುವುದುಂಟು. ಗಾಯಕನಿಗೆ ಕೀರ್ತಿ, ತಂಬೂರಿಯವನಿಗೆ ಉಪವಾಸ. ಇಂಥ ಕೊಡುಗೆಯು ದಾಸೋಹವಾಗಲಾರದು. ಮತ್ತೊಬ್ಬರ ಕಾಯಕದ ಫಲವನ್ನು ಎತ್ತಿ ಕೊಟ್ಟು ತಾನು ದಾನಿಯೆನಿಸಿಕೊಳ್ಳುವುದು ಕಾಯಕತತ್ತ್ವಕ್ಕೆ ಮಾಡಿದ ದ್ರೋಹವೇ ಸರಿ. ಆದಕಾರಣ ಮೊದಲು ಜೊತೆಯವರ ಸಂಭಾವನೆ, ದುಡಿದವರ ಕೂಲಿ. ಅವರಾಗಿ ಸಂತೋಷದಿಂದ ಬಿಟ್ಟುಕೊಟ್ಟರೆ ಆ ಪುಣ್ಯ ಅವರದು. ಅನಂತರ ಉಳಿದುದರಲ್ಲಿ ಗಾಯಕನ ದಾಸೋಹ. ಹೊಟ್ಟೆಪಾಡಿಗಾಗಿ ಊರೂರು ತಿರುಗುವ ಸಾಮಾನ್ಯ ಗವಾಯಿಯ ಮೇಲೆ ಸಂಪೂರ್ಣ ಹುಟ್ಟುವಳಿಯನ್ನು ಕೊಡಬೇಕೆಂಬ ಹೊರೆಯನ್ನು ಹೊರಿಸುವುದು ಎಂದಿಗೂ ನ್ಯಾಯವಲ್ಲ.

ಮೂರನೆಯ ಆಕ್ಷೇಪವು ಅಂತರಂಗವನ್ನು ಶಂಕಿಸುತ್ತದೆ. ಪರಿಹಾರಕ್ಕಾಗಿ ಹಾಡುವವನು ನಿಜವಾಗಿ ಹಾಡುವುದು ತನ್ನ ಕೀರ್ತಿಗಾಗಿಯೇ. ಇಂಥ ಕಚೇರಿಯ ಅನಂತರ ಅವನ ಬೆಲೆ ಇನ್ನಷ್ಟು ಏರುತ್ತದೆ. ಬಿತ್ತಿದ್ದು ಒಂದು, ಬೆಳೆದದ್ದು ಹತ್ತು ಎಂದು ಜನರು ಆಡಿಕೊಳ್ಳುತ್ತಾರೆ. ಇದು ಎಷ್ಟೋ ಸಲ ನಿಜವಾಗಿರಬಹುದು. ತೋರಿಕೆಯ ಭಕ್ತಿಯನ್ನೂ, ಕೊಟ್ಟು ಹೇಳಿಕೊಳ್ಳುವವರನ್ನೂ ಶರಣರು ನಿರ್ದಾಕ್ಷಿಣ್ಯವಾಗಿ ಖಂಡಿಸಿದ್ದಾರೆ. ಆದರೆ ಇಲ್ಲಿ ಒಂದು ವಿವೇಕ ಬೇಕು. ಭಾವದ ಅಶುದ್ಧಿಯಿಂದ ಕೊಡುವವನ ಆತ್ಮಕ್ಕೆ ಹಾನಿಯಾಗುತ್ತದೆಯೇ ಹೊರತು ಹಸಿದವನ ಹೊಟ್ಟೆಗೆ ಹಾನಿಯಾಗುವುದಿಲ್ಲ. ನೆರೆಯಲ್ಲಿ ಮನೆ ಕಳೆದುಕೊಂಡ ಮುದುಕಿಯು ತನಗೆ ಬಂದ ಕಂಬಳಿಯು ನಿರ್ಮಲಚಿತ್ತದಿಂದ ಬಂದುದೋ ಕೀರ್ತಿಕಾಮನೆಯಿಂದ ಬಂದುದೋ ಎಂದು ಪರೀಕ್ಷಿಸುತ್ತ ಚಳಿಯಲ್ಲಿ ಕೂಡ್ರುವುದಿಲ್ಲ. ಭಾವಶುದ್ಧಿಯು ಕೊಡುವವನ ಸಾಧನೆಗೆ ಬಿಟ್ಟ ವಿಷಯ. ಅದು ಪೂರ್ಣವಾಗಲಿ, ಆಮೇಲೆ ಕೊಡುತ್ತೇನೆ ಎನ್ನುವವನು ಎಂದಿಗೂ ಕೊಡಲಾರನು. ಕೊಡುತ್ತ ಕೊಡುತ್ತಲೇ ಭಾವವು ಶುದ್ಧವಾಗುವುದೂ ಉಂಟು.

ನಾಲ್ಕನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದುದು. ಒಂದು ಕಚೇರಿಯಿಂದ ಆಗುವುದೇನು? 1971ರ ಕಚೇರಿಯ ಪ್ರವೇಶಧನವನ್ನು ಒಂದು ಕೋಟಿ ನಿರಾಶ್ರಿತರಿಗೆ ಹಂಚಿದರೆ ತಲೆಗೆ ಎರಡೂವರೆ ಸೆಂಟುಗಳೂ ಬೀಳುವುದಿಲ್ಲ. ಡಾಲರಿನ ನೂರರಲ್ಲೊಂದು ಭಾಗವೇ ಒಂದು ಸೆಂಟು. ಅಷ್ಟರಲ್ಲಿ ಒಂದು ಹೊತ್ತಿನ ಗಂಜಿಯೂ ಆಗಲಾರದು. ರಾಜ್ಯಗಳು ಹೊರತಕ್ಕ ಭಾರವನ್ನು ವೀಣೆ-ಸಿತಾರಗಳು ಹೊರಬಲ್ಲವೇ? ಈ ಲೆಕ್ಕವನ್ನು ಅಲ್ಲಗಳೆಯುವಂತಿಲ್ಲ. ಸಂತ್ರಸ್ತರ ರಕ್ಷಣೆ ಸರಕಾರದ ಪ್ರಥಮ ಕರ್ತವ್ಯ. ಕಚೇರಿಗಳಿಂದ ಆ ಕರ್ತವ್ಯವು ತೀರಿತೆಂದು ಯಾರೂ ಭಾವಿಸಬಾರದು. ಆದರೆ ಆ ದಿನ ನ್ಯೂಯಾರ್ಕಿನಲ್ಲಿ ಕೊಟ್ಟುದು ಹಣವೊಂದನ್ನೇ ಅಲ್ಲ. ಬಾಂಗ್ಲಾದೇಶವೆಂಬ ಹೆಸರನ್ನೇ ಕೇಳದಿದ್ದ ಲಕ್ಷಾವಧಿ ಜನರ ಕಿವಿಗೆ ಆ ಹೆಸರು ಬಿದ್ದಿತು. ದೂರದ ಕೆಸರಿನಲ್ಲಿ ಸಾಯುತ್ತಿದ್ದವರು ಮನುಷ್ಯರೆಂಬ ಅರಿವು ಮೂಡಿತು. ಹೆಸರಾಂತ ಕಲಾವಿದನ ನಿಜವಾದ ಬಂಡವಾಳವು ಅವನ ಪೆಟ್ಟಿಗೆಯಲ್ಲಿರುವ ಹಣವಲ್ಲ. ಅವನ ಕಡೆಗೆ ತಿರುಗಿರುವ ಜನರ ಕಿವಿ. ಅನಾಥರ ಕೂಗು ಕೇಳಿಸದಿರುವಾಗ ಆ ಕಿವಿಯನ್ನು ಅತ್ತ ತಿರುಗಿಸುವುದು ಅವನಿಂದ ಮಾತ್ರ ಆಗಬಹುದಾದ ದಾಸೋಹ. ಮಾರಯ್ಯ-ಲಕ್ಕಮ್ಮನವರ ಮನೆಯ ಒಂದಿಷ್ಟು ಅಕ್ಕಿಯು ಜಂಗಮಸಮೂಹಕ್ಕೆಲ್ಲ ಸಾಕಾಯಿತೆಂಬ ಕಥೆಯ ತಾತ್ಪರ್ಯವೂ ಇದೇ ಅಲ್ಲವೇ? ಅಳತೆಯಿಂದ ಅಳೆದರೆ ಅಲ್ಪವಾದುದು ಶುದ್ಧವಾದ ಕೈಯಿಂದ ಬಂದಾಗ ಅನಲ್ಪವಾಗುತ್ತದೆ.

ಅದೇ ನಿದರ್ಶನದ ಉತ್ತರಾರ್ಧವು ಕಲಿಸುವ ಪಾಠವನ್ನೂ ಮರೆಯುವಂತಿಲ್ಲ. ಸದ್ಭಾವವಿದ್ದರಷ್ಟೇ ಸಾಲದು, ಸದ್ವ್ಯವಸ್ಥೆಯೂ ಬೇಕು. ಕಾಯಕದಲ್ಲಿ ಲೆಕ್ಕವು ಹೇಗೆ ಶುಚಿಯಾಗಿರಬೇಕೋ ದಾಸೋಹದಲ್ಲಿಯೂ ಹಾಗೆಯೇ ಇರಬೇಕು. ಬಂದುದೆಷ್ಟು, ವೆಚ್ಚವೆಷ್ಟು, ಯಾರಿಗೆ ಎಂದು ಮುಟ್ಟಿತು ಎಂಬುದನ್ನು ಬಹಿರಂಗವಾಗಿ ತೋರಿಸದ ಪರಿಹಾರಕಚೇರಿಯು ಕೊನೆಗೆ ಸಂಶಯವನ್ನೇ ಬೆಳೆಸುತ್ತದೆ. ಮುಂದಿನ ಆಪತ್ತಿನಲ್ಲಿ ಕೊಡುವ ಕೈಗಳು ಹಿಂಜರಿಯುವಂತೆ ಮಾಡುತ್ತದೆ. ಕೊಡುವುದು ಪುಣ್ಯ, ಕೊಟ್ಟುದು ಮುಟ್ಟುವಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಪುಣ್ಯ.

ನಿತ್ಯದಾಸೋಹದ ದಾರಿ

ಆಪತ್ತಿನಲ್ಲಿ ಒಮ್ಮೆ ಕೊಡುವುದು ಒಂದು ದಾರಿ. ಬದುಕನ್ನೇ ಕೊಡುಗೆಯಾಗಿಸುವುದು ಇನ್ನೊಂದು ದಾರಿ. ಈ ಎರಡನೆಯ ದಾರಿಯಲ್ಲಿ ನಡೆದವರನ್ನು ಕಾಣಲು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ. ಗದುಗಿಗೆ ಹೋದರೆ ಸಾಕು.

ಹುಟ್ಟುಕುರುಡರಾಗಿದ್ದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಿಂದ ಸಂಗೀತವಿದ್ಯೆಯನ್ನು ಪಡೆದರು. ಕರ್ನಾಟಕೀ ಮತ್ತು ಹಿಂದುಸ್ತಾನೀ ಎರಡೂ ಪದ್ಧತಿಗಳಲ್ಲಿ ಪ್ರಾವೀಣ್ಯವನ್ನು ಗಳಿಸಿದ ಅವರು ಬಯಸಿದ್ದರೆ ಸಿರಿವಂತರಾಗಿ ಬಾಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಕುರುಡ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಕೂಡಿಸಿಕೊಂಡು, ಊರಿಂದ ಊರಿಗೆ ಸಂಚರಿಸುತ್ತ, ಹಾಡಿ ಬಂದುದರಿಂದ ಅವರನ್ನು ಸಾಕಿ, ಅವರಿಗೆ ವಿದ್ಯೆಯನ್ನು ಕೊಟ್ಟರು. ಆ ಸಂಚಾರೀ ಪಾಠಶಾಲೆಯೇ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಗುರುವಿನ ಅನಂತರ ಆಶ್ರಮದ ಭಾರವನ್ನು ಹೊತ್ತು, ಸಂಗೀತ, ಪುರಾಣಪ್ರವಚನ, ನಾಟಕ ಇವುಗಳಿಂದ ಬಂದುದನ್ನೆಲ್ಲ ಆ ಮಕ್ಕಳ ಅನ್ನಕ್ಕೂ ವಿದ್ಯೆಗೂ ಸವೆಸಿದರು. ಭಕ್ತರು ಊರೂರಿನಲ್ಲಿ ಅವರಿಗೆ ತುಲಾಭಾರ ಮಾಡಿದರು. ತಕ್ಕಡಿಯಲ್ಲಿ ಕುಳಿತವರು ಗವಾಯಿಗಳು, ಅದರ ಫಲವನ್ನು ಉಂಡವರು ಆಶ್ರಮದ ಕೂಸುಗಳು. ಕಣ್ಣಿಲ್ಲದೆ ಹುಟ್ಟಿದ ಬಡ ಮಗುವಿಗೆ ಪ್ರತಿದಿನವೂ ಒಂದು ಪ್ರವಾಹವೇ, ಪ್ರತಿದಿನವೂ ಒಂದು ಭೂಕಂಪವೇ. ಅದನ್ನು ಯಾವ ಪತ್ರಿಕೆಯೂ ವರದಿ ಮಾಡುವುದಿಲ್ಲ. ಅಂಥ ಸದ್ದಿಲ್ಲದ ಆಪತ್ತಿಗೆ ಸದ್ದಿಲ್ಲದೆ ದಾಸೋಹ ನಡೆಸಿದವರು ಇವರು.

ತಮಿಳುನಾಡಿನ ಎಂ. ಎಸ್. ಸುಬ್ಬುಲಕ್ಷ್ಮಿಯವರ (1916–2004) ಬಾಳೂ ಇದೇ ಜಾತಿಯದು. ಆಸ್ಪತ್ರೆ, ವಿದ್ಯಾಲಯ, ದೇವಾಲಯ ಮೊದಲಾದ ಲೋಕೋಪಕಾರದ ಕಾರ್ಯಗಳಿಗಾಗಿ ಅವರು ನೀಡಿದ ಕಚೇರಿಗಳು 200ಕ್ಕೂ ಹೆಚ್ಚು. 1974ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದುದು ಸಾರ್ವಜನಿಕ ಸೇವೆಯ ವಿಭಾಗದಲ್ಲಿ ಎಂಬುದು ಗಮನಿಸತಕ್ಕ ಸಂಗತಿ. ಅವರ ಕೊರಳನ್ನು ಲೋಕವು ಮೆಚ್ಚಿತು. ಆ ಕೊರಳು ಯಾರಿಗಾಗಿ ಸವೆಯಿತೆಂಬುದನ್ನೂ ಲೋಕವು ಗುರುತಿಸಿತು.

ಈ ಮಹನೀಯರಾರನ್ನೂ ಯಾರೂ ಬಲಾತ್ಕರಿಸಲಿಲ್ಲ. ಇದನ್ನು ವಿಶೇಷವಾಗಿ ಹೇಳಬೇಕು. ಇಂದು ಆಪತ್ತು ಬಂದೊಡನೆ ಇಂಥ ಗಾಯಕನು ಇನ್ನೂ ಏಕೆ ಕೊಡಲಿಲ್ಲ, ಅವನು ಕೊಟ್ಟುದು ಇಷ್ಟೇ ಏಕೆ ಎಂದು ಬೀದಿಯಲ್ಲಿ ನಿಂತು ಲೆಕ್ಕ ಕೇಳುವ ಪರಿಪಾಠ ಬೆಳೆದಿದೆ. ಹೆದರಿಸಿ ಪಡೆದುದು ಕಂದಾಯವಾಗುತ್ತದೆಯೇ ಹೊರತು ದಾಸೋಹವಾಗುವುದಿಲ್ಲ. ಸದ್ದಿಲ್ಲದೆ ಕೊಟ್ಟವನು ಇಂಥ ಲೆಕ್ಕದಲ್ಲಿ ಕೊಡದವನಾಗಿ ಕಾಣುತ್ತಾನೆ. ಸಾರಿಕೊಂಡು ಕೊಟ್ಟವನು ಮಹಾದಾನಿಯಾಗಿ ಕಾಣುತ್ತಾನೆ. ಕೊಡುವ ಧರ್ಮವು ಕಲಾವಿದನದು. ಕೊಡಲಿಲ್ಲವೆಂದು ನಿಂದಿಸುವ ಅಧಿಕಾರ ಕೇಳುಗನದಲ್ಲ.

ಕೇಳುಗನ ಪಾಲು

ಹಾಗಾದರೆ ಕೇಳುಗನ ಪಾಲು ಯಾವುದು? ಪರಿಹಾರಕಚೇರಿಗೆ ಟಿಕೆಟು ಕೊಂಡು ಹೋಗಿ, ಮೂರು ತಾಸು ಇಂಪಾದ ಗಾಯನವನ್ನು ಕೇಳಿ, ಸಂತ್ರಸ್ತರಿಗೆ ತಾನೂ ಕೊಟ್ಟೆನೆಂದು ಸಮಾಧಾನ ಹೊಂದುವ ಗೃಹಸ್ಥನು ವಿಚಾರಿಸಬೇಕಾದ ಮಾತೊಂದಿದೆ. ಅವನು ಕೊಟ್ಟ ಹಣಕ್ಕೆ ಅವನಿಗೆ ಸಂಗೀತವು ದೊರೆಯಿತು. ಆ ವ್ಯವಹಾರ ಅಲ್ಲಿಗೆ ಸರಿಹೋಯಿತು. ಅದರಲ್ಲಿ ತ್ಯಾಗವಿದ್ದರೆ ಅದು ಹಾಡಿದವನದು. ಕೇಳಿದವನು ತನ್ನ ಕಾಯಕದ ಹುಟ್ಟುವಳಿಯಿಂದ ಬೇರೆಯಾಗಿ ತೆಗೆದಿಟ್ಟಾಗಲೇ ಅವನ ದಾಸೋಹ ಆರಂಭವಾಗುವುದು.

ಇದಕ್ಕೊಂದು ಹಳೆಯ ಪ್ರಸಂಗವನ್ನು ನೆನೆಯಬಹುದು. 1742ರ ಏಪ್ರಿಲ್ 13ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹ್ಯಾಂಡೆಲ್ ಎಂಬ ಮಹಾ ಸಂಗೀತಗಾರನು ತನ್ನ ‘ಮೆಸ್ಸಾಯ’ ಎಂಬ ಕೃತಿಯನ್ನು ಮೊದಲ ಬಾರಿಗೆ ಪ್ರಯೋಗಿಸಿದನು. ಸಾಲ ತೀರಿಸಲಾರದೆ ಸೆರೆಯಲ್ಲಿದ್ದ ಬಡವರ ಬಿಡುಗಡೆಗೂ ಎರಡು ಆಸ್ಪತ್ರೆಗಳಿಗೂ ಆ ಹಣವು ಮೀಸಲಾಗಿತ್ತು. ಸಭಾಂಗಣದಲ್ಲಿ 600 ಜನರಿಗೆ ಮಾತ್ರ ಸ್ಥಳ. ಹೆಂಗಸರು ಅಗಲವಾದ ಬಳೆಗಳ ಲಂಗವನ್ನು ಉಡದೆಯೂ ಗಂಡಸರು ಸೊಂಟದ ಕತ್ತಿಯನ್ನು ಕಟ್ಟದೆಯೂ ಬಂದರೆ ಇನ್ನೂ ಕೆಲವರಿಗೆ ಎಡೆಯಾಗುವುದೆಂದು ಮುಂಚಿತವಾಗಿ ವಿನಂತಿಸಲಾಯಿತು. 700 ಜನರು ಕುಳಿತರು. ಆ ದಿನದ ಹುಟ್ಟುವಳಿಯಿಂದ 142 ಸೆರೆಯಾಳುಗಳು ಸಾಲಮುಕ್ತರಾಗಿ ಹೊರಬಂದರು. ಸಂಗೀತಗಾರನು ತನ್ನ ಕೃತಿಯನ್ನು ಕೊಟ್ಟನು, ನಿಜ. ಆದರೆ ಕೇಳುಗರೂ ತಮ್ಮ ಆಡಂಬರದ ಒಂದಂಶವನ್ನು ಮನೆಯಲ್ಲಿ ಬಿಟ್ಟುಬಂದರು. ಆ ಬಿಟ್ಟ ಎಡೆಯಲ್ಲಿಯೇ ನೂರು ಜನರು ಹೆಚ್ಚಾಗಿ ಕುಳಿತರು.

ಆಪತ್ತು ಕಚೇರಿಯೊಂದಿಗೆ ಮುಗಿಯುವುದಿಲ್ಲವೆಂಬುದನ್ನೂ ಗೃಹಸ್ಥನು ನೆನಪಿನಲ್ಲಿಡಬೇಕು. 2009ರಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಹಾಮಳೆ, 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳಿಗೆ ಬಂದ ಮಹಾಪೂರ ಇವುಗಳನ್ನು ಕಂಡವರಿಗೆ ಈ ಮಾತು ಗೊತ್ತು. ಮೊದಲ ವಾರದಲ್ಲಿ ರೊಟ್ಟಿ, ಬಟ್ಟೆ, ಹಾಸಿಗೆಗಳು ರಾಶಿರಾಶಿಯಾಗಿ ಬರುತ್ತವೆ. ನೀರು ಇಳಿದ ಮೇಲೆ, ಪತ್ರಿಕೆಗಳ ಸುದ್ದಿ ಬದಲಾದ ಮೇಲೆ, ಬಿದ್ದ ಗೋಡೆ, ಹೂಳು ತುಂಬಿದ ಹೊಲ, ನೆನೆದುಹೋದ ಮಗುವಿನ ಪುಸ್ತಕ ಇವು ಹಾಗೆಯೇ ಉಳಿಯುತ್ತವೆ. ಚಪ್ಪಾಳೆ ಒಂದು ಸಂಜೆಯದು. ಮನೆ ಕಟ್ಟುವುದು ವರ್ಷಗಳ ಕೆಲಸ. ಆ ವರ್ಷಗಳ ಕೆಲಸಕ್ಕೆ ಬೇಕಾದುದು ಖ್ಯಾತರ ಒಂದು ದಿನದ ಮಹಾದಾನಕ್ಕಿಂತಲೂ ಅಖ್ಯಾತರ ನಿತ್ಯದ ಹಿಡಿ ಅಕ್ಕಿ.

ಉಪಸಂಹಾರ

ಇಷ್ಟು ವಿಚಾರದಿಂದ ಸಿದ್ಧವಾಗುವ ತಾತ್ಪರ್ಯವಿದು: ಹೆಸರಾಂತ ಸಂಗೀತಗಾರನು ಆಪತ್ಕಾಲದಲ್ಲಿ ತನ್ನ ಕಚೇರಿಯ ಹುಟ್ಟುವಳಿಯನ್ನು ಕೊಡತಕ್ಕದ್ದು, ಅವನ ಸಂಪಾದನೆಯಲ್ಲಿ ಸಮಾಜವಿಟ್ಟ ಠೇವಣಿಯ ಪಾಲಿದೆ. ಆದರೆ ಜೊತೆಯವರ ಕೂಲಿಯನ್ನು ಮೊದಲು ಸಲ್ಲಿಸಿ ಕೊಡತಕ್ಕದ್ದು. ಲೆಕ್ಕವನ್ನು ಶುಚಿಯಾಗಿಟ್ಟು ಕೊಡತಕ್ಕದ್ದು. ತನ್ನ ಹೆಸರು ಹಿಂದಾಗಿ ನೊಂದವರ ಹೆಸರು ಮುಂದಾಗುವಂತೆ ಕೊಡತಕ್ಕದ್ದು. ಅವನಿಂದ ಬಲಾತ್ಕಾರವಾಗಿ ಪಡೆಯಲು ಯಾರಿಗೂ ಅಧಿಕಾರವಿಲ್ಲ. ಅವನು ಕೊಟ್ಟನೆಂದು ಉಳಿದವರ ಋಣ ತೀರುವುದೂ ಇಲ್ಲ.

ಕಿನ್ನರಿ ಬೊಮ್ಮಯ್ಯನವರ ಕಿನ್ನರಿಗೆ ಎಷ್ಟು ತಂತಿಗಳಿದ್ದವೋ, ಅವರು ಯಾವ ರಾಗವನ್ನು ನುಡಿಸುತ್ತಿದ್ದರೋ ಇಂದು ಯಾರಿಗೂ ತಿಳಿಯದು. ಆ ನಾದವು ಅಂದೇ ಗಾಳಿಯಲ್ಲಿ ಲೀನವಾಯಿತು. ಅದರಿಂದ ಬಂದ ಹೊನ್ನು ಯಾರ ಮನೆಯ ಕೊಪ್ಪರಿಗೆಯನ್ನೂ ಸೇರದೆ ಹಸಿದವರ ಎಡೆಗೆ ಹೋಯಿತೆಂಬ ಮಾತು ಮಾತ್ರ ಎಂಟು ಶತಮಾನಗಳು ಕಳೆದರೂ ಉಳಿದಿದೆ. ಕಲೆಯಲ್ಲಿ ಕೊನೆಗೆ ಉಳಿಯುವುದು ಯಾವುದೆಂಬುದನ್ನು ಹಾಡುವವರೂ ಕೇಳುವವರೂ ಇದರಿಂದ ಅರಿತುಕೊಳ್ಳಲಿ.